ಒಂದು ಮಂಚ, ಒಂದು ಪೆಟ್ಟಿಗೆ: ದುಬೈಯ ಫಿಲಿಪಿನೋ ಬದುಕು

ದುಬೈಯ ಸತ್ವಾ ಬಡಾವಣೆಯಲ್ಲಿ ದೀಪದ ಕಂಬಗಳನ್ನೂ ಬಸ್ ನಿಲ್ದಾಣದ ಗೋಡೆಗಳನ್ನೂ ಓದುತ್ತ ನಡೆದರೆ ಅಲ್ಲಿನವರ ಅರ್ಧ ಕತೆ ತಿಳಿದುಬಿಡುತ್ತದೆ. ಅಂಗೈಯಗಲದ ಚೀಟಿಗಳು. ‘ಬೆಡ್‌ಸ್ಪೇಸ್ ಖಾಲಿ ಇದೆ. ಹೆಂಗಸರಿಗೆ ಮಾತ್ರ. ಫಿಲಿಪಿನೋಗಳಿಗೆ ಮಾತ್ರ. ಕೆಳಮಂಚ. ವೈಫೈ, ಗ್ಯಾಸ್ ಸೇರಿ.’ ಪಾಲಿಕೆಯವರು ಕಿತ್ತು ಹಾಕುತ್ತಾರೆ, ಅಂಟಿಸಿದವರಿಗೆ ದಂಡವನ್ನೂ ಹಾಕುತ್ತಾರೆ. ಆದರೂ ಚೀಟಿ ಪೂರ್ತಿ ಮಾಯವಾಗಿಲ್ಲ. ಫೇಸ್‌ಬುಕ್ ಗುಂಪುಗಳಲ್ಲಂತೂ ಇದೇ ಒಕ್ಕಣೆ ದಿನವಿಡೀ ಹರಿಯುತ್ತಿರುತ್ತದೆ.

ಬೆಡ್‌ಸ್ಪೇಸ್ ಎಂದರೆ ಕೋಣೆಯಲ್ಲ, ಕೋಣೆಯೊಳಗಿನ ಒಂದು ಮಂಚ. ಎರಡಂತಸ್ತಿನ ಕಬ್ಬಿಣದ ಮಂಚದಲ್ಲಿ ಮೇಲಿನದೋ ಕೆಳಗಿನದೋ ಒಂದು. ಏಣಿ ಹತ್ತುವ ಕಷ್ಟವಿಲ್ಲದ ಕಾರಣ ಕೆಳಮಂಚಕ್ಕೆ ಬಾಡಿಗೆ ತುಸು ಹೆಚ್ಚು. ಮಂಚದ ಸುತ್ತ ಒಂದು ಪರದೆ. ಅದನ್ನು ಎಳೆದುಕೊಂಡರೆ ಒಳಗೆ ಆಕೆಯ ಮನೆ. ತಲೆದಿಂಬಿನ ಬಳಿ ಚಾರ್ಜರ್, ಗೋಡೆಗೆ ಅಂಟಿಸಿದ ಪುಟ್ಟ ಫ್ಯಾನು, ಯೇಸುವಿನ ಚಿತ್ರ, ಮಗಳ ಶಾಲಾ ಫೋಟೋ. ಮಂಚದಡಿ ಸೂಟ್‌ಕೇಸು, ಡ್ಯೂಟಿಯ ಕಪ್ಪು ಬೂಟು, ಹತ್ತು ಕಿಲೋದ ಅಕ್ಕಿ ಚೀಲ. ಫ್ರಿಜ್ಜಿನ ಒಂದೊಂದು ಅರೆಗೆ ಒಬ್ಬೊಬ್ಬರ ಹೆಸರು. ಬಚ್ಚಲಿಗೆ ಬೆಳಗಿನ ಸರದಿ: ಆಸ್ಪತ್ರೆಯ ಡ್ಯೂಟಿಯವರು ಮೊದಲು, ಹತ್ತಕ್ಕೆ ಬಾಗಿಲು ತೆರೆಯುವ ಮಾಲ್‌ನವರು ಕೊನೆಗೆ. ಇನ್ನು ‘ಪಾರ್ಟಿಷನ್’ ಎಂಬುದು ಒಂದು ಮೆಟ್ಟಿಲು ಮೇಲೆ. ಹಾಲ್‌ನ ನಡುವೆ ಪ್ಲೈವುಡ್ಡು ನಿಲ್ಲಿಸಿ ಮಾಡಿದ ಗೂಡು, ಹೆಚ್ಚಾಗಿ ಗಂಡ–ಹೆಂಡಿರಿಗೆ. ಗೋಡೆ ಮಾಡಿನವರೆಗೆ ಮುಟ್ಟುವುದಿಲ್ಲ, ಮುಟ್ಟಿದರೆ ಎ.ಸಿ. ಗಾಳಿ ಈ ಕಡೆ ಬರುವುದಿಲ್ಲವಲ್ಲ.

ಈ ಏರ್ಪಾಡಿನ ಹಿಂದಿರುವುದು ಸರಳ ಲೆಕ್ಕ. ಅಂಗಡಿಯ ಮಾರಾಟಗಾರ್ತಿಗೋ ಹೋಟೆಲಿನ ವೇಟರ್‌ಗೋ ತಿಂಗಳಿಗೆ ಸಿಗುವುದು ಎರಡೂವರೆ, ಮೂರು ಸಾವಿರ ದಿರ್ಹಮ್‌ಗಳ ಆಸುಪಾಸು. ಒಂದು ಚಿಕ್ಕ ಸ್ಟುಡಿಯೋ ಫ್ಲ್ಯಾಟಿಗೆ ಅಷ್ಟೂ ಸಾಲದು. ಖಾಸಗಿ ವಲಯದ ವಲಸಿಗರಿಗೆ ಯುಎಇಯಲ್ಲಿ ಕನಿಷ್ಠ ವೇತನದ ಕಾನೂನೇ ಇಲ್ಲ. ಹಾಗಾಗಿ ಒಬ್ಬರು ತಮ್ಮ ಹೆಸರಿನಲ್ಲಿ ಫ್ಲ್ಯಾಟ್ ಹಿಡಿದು, ವರ್ಷದ ಚೆಕ್ಕುಗಳನ್ನು ಮಾಲೀಕನಿಗೆ ಮೊದಲೇ ಕೊಟ್ಟು, ಒಳಗೆ ಎಂಟು ಹತ್ತು ಮಂದಿಯನ್ನು ಸೇರಿಸಿಕೊಳ್ಳುತ್ತಾರೆ. ಕೆಲವರಿಗೆ ಇದೇ ಉಪವ್ಯಾಪಾರ; ಕೆಲವರಿಗೆ ತಮ್ಮ ಮಂಚದ ಬಾಡಿಗೆ ಉಳಿದರೆ ಸಾಕು. ಪಾಲಿಕೆಯ ದೃಷ್ಟಿಯಲ್ಲಿ ಪರವಾನಗಿ ಇಲ್ಲದ ಪಾರ್ಟಿಷನ್ ಅಪರಾಧ. 2025ರ ಜೂನ್‌ನಲ್ಲಿ ಅಲ್ ರಿಗ್ಗಾ, ಮುರಖ್ಖಬಾತ್, ಅಲ್ ಬರ್ಷಾ, ಸತ್ವಾ ಮುಂತಾದ ಕಡೆ ಅಧಿಕಾರಿಗಳು ತಪಾಸಣೆ ಬಿಗಿ ಮಾಡಿದರು. ಬೆಂಕಿ ಬಿದ್ದರೆ ಪ್ಲೈವುಡ್ಡಿನ ಗೂಡಿನಿಂದ ಹೊರಗೋಡುವುದು ಕಷ್ಟ ಎಂಬ ಅವರ ಮಾತು ಸುಳ್ಳಲ್ಲ. ಗೂಡು ಕಿತ್ತ ಮೇಲೆ ಅದರಲ್ಲಿದ್ದವರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯೂ ಅಷ್ಟೇ ನಿಜ.

ಸತ್ವಾ ಉಳಿದದ್ದೇ ಒಂದು ಆಕಸ್ಮಿಕ. 2008ರಲ್ಲಿ ಅಲ್ಲಿನ ಹಳೆಯ ವಿಲ್ಲಾಗಳನ್ನು ಕೆಡವಿ ‘ಜುಮೇರಾ ಗಾರ್ಡನ್ ಸಿಟಿ’ ಎಂಬ ಭಾರಿ ಯೋಜನೆ ಎಬ್ಬಿಸುವುದಾಗಿ ಘೋಷಣೆಯಾಯಿತು, ಕೆಲವು ಓಣಿಗಳು ನೆಲಸಮವೂ ಆದವು. ಅಷ್ಟರಲ್ಲಿ ಜಗತ್ತಿನ ಹಣಕಾಸು ಕುಸಿಯಿತು, ಯೋಜನೆ ನೆನೆಗುದಿಗೆ ಬಿತ್ತು. ಹೊಲಿಗೆಯಂಗಡಿ, ಸಲೂನು, ಫಿಲಿಪಿನೋ ಖಾನಾವಳಿಗಳು ಉಳಿದುಕೊಂಡದ್ದು ಯಾರದೋ ಕರುಣೆಯಿಂದಲ್ಲ, ದುಡ್ಡು ಬತ್ತಿದ್ದರಿಂದ.

ಯುಎಇಯಲ್ಲಿ ಏಳು ಲಕ್ಷದಷ್ಟು ಫಿಲಿಪಿನೋಗಳಿದ್ದಾರೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ಅಂದಾಜು. ಅದರಲ್ಲಿ ದೊಡ್ಡ ಪಾಲು ದುಬೈಯದು. 2000ದಲ್ಲಿ ಒಂಬತ್ತು ಲಕ್ಷ ಜನರೂ ಇರದಿದ್ದ ಈ ನಗರ ಈಗ 40 ಲಕ್ಷದ ಹೊಸ್ತಿಲಲ್ಲಿದೆ. ಗೋಪುರ ಕಟ್ಟುವ ಕೆಲಸದಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾ, ನೇಪಾಳದವರು ಹೆಚ್ಚು. ಕಟ್ಟಿ ಮುಗಿದ ಮೇಲೆ ಅದರೊಳಗೆ ನಿಂತು ‘ಗುಡ್ ಮಾರ್ನಿಂಗ್ ಮೇಡಮ್’ ಎನ್ನುವವರಲ್ಲಿ ಫಿಲಿಪಿನೋಗಳು ಮುಂದು: ನರ್ಸು, ರಿಸೆಪ್ಷನಿಸ್ಟು, ಕ್ಯಾಷಿಯರು, ಬ್ಯೂಟಿಷಿಯನ್ನು, ಬರಿಸ್ಟಾ, ಡ್ರಾಫ್ಟ್ಸ್‌ಮನ್ನು, ಹೋಟೆಲಿನ ಮೂಲೆಯಲ್ಲಿ ರಾತ್ರಿಯೆಲ್ಲ ಹಾಡುವ ಬ್ಯಾಂಡಿನವರು.

ಇಷ್ಟು ಜನ ಸುಮ್ಮನೆ ಹರಿದು ಬಂದದ್ದಲ್ಲ, ಕಳಿಸಿದ್ದು. 1973ರ ತೈಲ ಬೆಲೆಯೇರಿಕೆಯಿಂದ ಕೊಲ್ಲಿಯ ದೇಶಗಳ ಕೈಯಲ್ಲಿ ಹಣ ಹೊಳೆಯಾಯಿತು. ಫಿಲಿಪೀನ್ಸಿನಲ್ಲಿ ಅದೇ ಹೊತ್ತಿಗೆ ಕೆಲಸವಿಲ್ಲದ ಯುವಕರು, ವಿದೇಶಿ ವಿನಿಮಯವಿಲ್ಲದ ಖಜಾನೆ. ಸೇನಾಡಳಿತ ಹೇರಿ ಕೂತಿದ್ದ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ 1974ರ ಮೇ 1ರಂದು ಕಾರ್ಮಿಕ ಸಂಹಿತೆಗೆ ಸಹಿ ಹಾಕಿ, ಜನರನ್ನು ಹೊರದೇಶದ ಕೆಲಸಕ್ಕೆ ಕಳಿಸುವುದನ್ನು ಸರ್ಕಾರದ ವ್ಯವಸ್ಥೆಯಾಗಿಯೇ ಮಾಡಿದ. ತಾತ್ಕಾಲಿಕ ಎಂದುಕೊಂಡ ಆ ಏರ್ಪಾಡಿಗೆ ಅರ್ಧ ಶತಮಾನ ದಾಟಿತು. 2024ರಲ್ಲಿ ಹೊರಗಿದ್ದ ಫಿಲಿಪಿನೋಗಳು ಬ್ಯಾಂಕುಗಳ ಮೂಲಕ ಊರಿಗೆ ಕಳಿಸಿದ ಹಣ 3,400 ಕೋಟಿ ಡಾಲರ್‌ಗೂ ಹೆಚ್ಚು; ದೇಶದ ಒಟ್ಟು ಉತ್ಪನ್ನದಲ್ಲಿ ಶೇ 7.5ರಷ್ಟು. ವಲಸೆ ಕಾರ್ಮಿಕರಿಗಾಗಿಯೇ ಈಗ ಅಲ್ಲೊಂದು ಸಚಿವಾಲಯವಿದೆ. ರಜೆಗೆ ಬಂದವರು ಮರಳಿ ಹೊರಡಬೇಕಾದರೆ ‘ಓಇಸಿ’ ಎಂಬ ಸರ್ಕಾರಿ ಪ್ರಮಾಣಪತ್ರವೋ ಅದರಿಂದ ವಿನಾಯಿತಿಯೋ ಬೇಕು. ಇಲ್ಲದಿದ್ದರೆ ಸ್ವಂತ ದೇಶದ ವಿಮಾನ ನಿಲ್ದಾಣವೇ ದಾಟಗೊಡುವುದಿಲ್ಲ.

1988ರಲ್ಲಿ ಅಧ್ಯಕ್ಷೆ ಕೊರಾಜೋನ್ ಅಕಿನೋ ಇವರನ್ನು ದೇಶದ ‘ಹೊಸ ವೀರರು’ ಎಂದು ಕರೆದರು. ಆ ಬಿರುದು ಇವತ್ತಿಗೂ ಭಾಷಣಗಳಲ್ಲಿ ಓಡಾಡುತ್ತಿದೆ. ಬಿರುದಿನ ಬೆಲೆ 1995ರಲ್ಲಿ ತಿಳಿಯಿತು. ಆ ಮಾರ್ಚ್‌ನಲ್ಲಿ ಸಿಂಗಪುರ ಫ್ಲೋರ್ ಕೊಂಟೆಂಪ್ಲಾಸಿಯಾನ್ ಎಂಬ ಮನೆಗೆಲಸದಾಕೆಯನ್ನು ಗಲ್ಲಿಗೇರಿಸಿತು. ಅದೇ ವರ್ಷ ಯುಎಇಯ ಅಲ್ ಐನ್‌ನಲ್ಲಿ ಹದಿಹರೆಯದ ಸಾರಾ ಬಾಲಬಗಾನ್‌ಗೆ ಮರಣದಂಡನೆ ವಿಧಿಸಲಾಯಿತು. ವಯಸ್ಸು ಹೆಚ್ಚು ತೋರಿಸಿದ ಪಾಸ್‌ಪೋರ್ಟಿನಲ್ಲಿ ಮನೆಗೆಲಸಕ್ಕೆ ಹೋಗಿದ್ದ ಹುಡುಗಿ, ತನ್ನ ಮೇಲೆ ಅತ್ಯಾಚಾರಕ್ಕೆ ಬಂದನೆಂದು ಯಜಮಾನನನ್ನು ಇರಿದು ಕೊಂದಿದ್ದಳು. ಜಗತ್ತಿನೆಲ್ಲೆಡೆ ಕೂಗೆದ್ದ ಮೇಲೆ ಶಿಕ್ಷೆ ಇಳಿಯಿತು. ಒಂದು ವರ್ಷದ ಸೆರೆ, ನೂರು ಛಡಿಯೇಟು ಅನುಭವಿಸಿ 1996ರಲ್ಲಿ ಊರು ಸೇರಿದಳು. ಇದಕ್ಕೂ ಮೊದಲೇ, ಫ್ಲೋರ್‌ಳ ಸಾವಿಗೆ ಮನಿಲಾದ ಬೀದಿಗಳು ಉರಿದದ್ದರಿಂದ, 1995ರ ಜೂನ್ 7ರಂದು ವಲಸೆ ಕಾರ್ಮಿಕರ ರಕ್ಷಣೆಯ ಕಾನೂನು ಬಂತು. ಭಾಷಣ ಮಾಡದ ಕೆಲಸವನ್ನು ಒಬ್ಬ ಹೆಣ್ಣುಮಗಳ ಸಾವು ಮಾಡಿತು ಎನ್ನಬೇಕು.

ಕಾಗದಪತ್ರ ಸರಿ ಇದ್ದವರ ಜೊತೆಗೆ ವಿಸಿಟ್ ವೀಸಾದಲ್ಲಿ ಬರುವವರ ಇನ್ನೊಂದು ಸಾಲೇ ಇದೆ. ನಮ್ಮ ಕರಾವಳಿಯ ಹುಡುಗರಿಗೂ ಈ ದಾರಿ ಹೊಸತಲ್ಲ: ಪ್ರವಾಸಿಯೆಂದು ಇಳಿಯುವುದು, ಬಯೋಡೇಟಾ ಹಿಡಿದು ಮಾಲಿನಿಂದ ಮಾಲಿಗೆ ಅಲೆಯುವುದು, ವೀಸಾ ಮುಗಿಯುವುದರೊಳಗೆ ಕೆಲಸ ಹಿಡಿಯುವುದು. ಮನಿಲಾದಲ್ಲಿ ಇಮಿಗ್ರೇಷನ್ ಅಧಿಕಾರಿಗೆ ಅನುಮಾನ ಬಂದರೆ ವಿಮಾನ ಹತ್ತಿಸುವುದಿಲ್ಲ. ಇದಕ್ಕೆ ಅವರು ‘ಆಫ್‌ಲೋಡ್’ ಎನ್ನುತ್ತಾರೆ. ಒಬ್ಬ ಪ್ರಯಾಣಿಕಳ ಬಳಿ ಶಾಲಾ ವಾರ್ಷಿಕ ಪುಸ್ತಕ ತೋರಿಸು ಎಂದು ಕೇಳಿದ ಸಂಗತಿ 2023ರಲ್ಲಿ ಅಲ್ಲಿ ದೊಡ್ಡ ರಾದ್ಧಾಂತವಾಯಿತು. ಹೇಗೋ ದಾಟಿ ಬಂದವರಿಗೆ ಹಿಂದೆ ಇನ್ನೊಂದು ಪರೀಕ್ಷೆ ಕಾದಿರುತ್ತಿತ್ತು. ವೀಸಾ ಮುಗಿದರೆ ದೇಶದಿಂದಾಚೆ ಹೋಗಿ ಹೊಸದು ಪಡೆದು ಬರಬೇಕು, ಅದಕ್ಕೆ ಅಗ್ಗದ ಜಾಗ ಇರಾನಿನ ಕಿಶ್ ದ್ವೀಪ. ಒಂದೆರಡು ದಿನಕ್ಕೆಂದು ಹೋದವರು ಕಾಗದ ಬಾರದೆ ಅಲ್ಲಿನ ಹಾಸ್ಟೆಲುಗಳಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೊಳೆತದ್ದುಂಟು. 2004ರ ಫೆಬ್ರುವರಿಯಲ್ಲಿ ಕಿಶ್‌ನಿಂದ ಬರುತ್ತಿದ್ದ ವಿಮಾನ ಶಾರ್ಜಾದಲ್ಲಿ ಇಳಿಯುವಾಗ ಬಿದ್ದು 43 ಮಂದಿ ಸತ್ತರು. ವಿಮಾನದಲ್ಲಿ ಭಾರತೀಯರೂ ಇದ್ದರು, ಫಿಲಿಪಿನೋಗಳೂ ಇದ್ದರು.

ಕೆಲಸ ಸಿಕ್ಕಿದ ಮೇಲೆ ಸಂಬಳ ನಿಗದಿಯಾಗುವುದು ಕೆಲಸದಿಂದಷ್ಟೇ ಅಲ್ಲ, ಪಾಸ್‌ಪೋರ್ಟಿನಿಂದಲೂ. ಕೊಲ್ಲಿಯಲ್ಲಿ ದುಡಿದ ಯಾರನ್ನೇ ಕೇಳಿ, ಇದು ಗುಟ್ಟಲ್ಲ. ಒಂದೇ ಮೇಜಿನ ಆಚೀಚೆ ಕೂತ ಯುರೋಪಿಯನ್ನನಿಗೂ ಫಿಲಿಪಿನೋಗೂ ಅಜಗಜಾಂತರ. ಕೆಲವು ಕೌಂಟರುಗಳಲ್ಲಿ ಫಿಲಿಪಿನೋಗಳಿಗೆ ಭಾರತೀಯರಿಗಿಂತ ಹೆಚ್ಚು, ಕೆಲವು ಕಚೇರಿಗಳಲ್ಲಿ ಕಡಿಮೆ. ಇಂಗ್ಲಿಷ್ ಸಲೀಸು, ನಗುಮುಖ ಎಂದು ಅವರನ್ನು ಹೊಗಳುವುದನ್ನು ಕೇಳುವಾಗ ನನಗೆ ಯಾವಾಗಲೂ ಕಸಿವಿಸಿ. ಹತ್ತು ಗಂಟೆ ನಿಂತುಕೊಂಡೇ ನಗುವುದು ಸ್ವಭಾವವಲ್ಲ, ಕೆಲಸ. ಅದಕ್ಕೆ ಬೇರೆ ಭತ್ಯೆ ಯಾರೂ ಕೊಡುವುದಿಲ್ಲ. ಸಂಬಳದ ಚೀಟಿಯಲ್ಲಿ ಇನ್ನೊಂದು ಕೈಚಳಕವೂ ಇರುತ್ತದೆ. ಮೂಲವೇತನ ಸಣ್ಣದು, ಭತ್ಯೆಗಳು ದೊಡ್ಡವು. ಕೆಲಸ ಬಿಡುವಾಗ ಸಿಗುವ ಗ್ರಾಚುಯಿಟಿಯನ್ನು, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನ, ಆಮೇಲೆ 30 ದಿನದ ಲೆಕ್ಕದಲ್ಲಿ, ಎಣಿಸುವುದು ಆ ಸಣ್ಣ ಮೂಲವೇತನದ ಮೇಲೆ.

ಸಂಬಳದ ದಿನ ಎಕ್ಸ್‌ಚೇಂಜ್‌ಗಳ ಮುಂದೆ ಸಾಲು. ಈಗ ಮೊಬೈಲಿನಲ್ಲೇ ಕಳಿಸುವವರು ಹೆಚ್ಚಿದ್ದರೂ ಸಾಲು ಪೂರ್ತಿ ಕರಗಿಲ್ಲ. ಈ ಸಾಲಿನಲ್ಲಿ ನಮಗೂ ಒಂದು ಎಳೆಯಿದೆ. ಉಡುಪಿ ಜಿಲ್ಲೆಯ ಕಾಪುವಿನಿಂದ 1973ರಲ್ಲಿ ಅಬುಧಾಬಿಗೆ ಹೋದ ಬಿ.ಆರ್. ಶೆಟ್ಟಿ ಬೆಳೆಸಿದ ಯುಎಇ ಎಕ್ಸ್‌ಚೇಂಜ್‌ನ ಕೌಂಟರಿನಲ್ಲಿ ಮಂಗಳೂರಿಗೂ ಮನಿಲಾಕ್ಕೂ ದುಡ್ಡು ಕಟ್ಟುವವರು ದಶಕಗಳ ಕಾಲ ಹಿಂದೆ ಮುಂದೆ ನಿಂತವರು. 2020ರಲ್ಲಿ ಆ ಸಂಸ್ಥೆ ಕುಸಿದು ಅಲ್ಲಿನ ಕೇಂದ್ರ ಬ್ಯಾಂಕಿನ ಉಸ್ತುವಾರಿಗೆ ಹೋದಾಗ ಎರಡೂ ಊರುಗಳವರು ಬೇರೆ ಬಾಗಿಲು ಹುಡುಕಬೇಕಾಯಿತು.

ಊರಿಗೆ ಕಳಿಸಿ ಉಳಿದದ್ದರಲ್ಲಿ ‘ಪಲುವಾಗನ್’ ಕಟ್ಟಬೇಕು. ನಮ್ಮ ಚೀಟಿಯಂಥದ್ದೇ ಇದು. ಹತ್ತು ಮಂದಿ ತಿಂಗಳಿಗೆ ಐನೂರು ದಿರ್ಹಮ್ ಹಾಕಿದರೆ ಪ್ರತಿ ತಿಂಗಳು ಒಬ್ಬರ ಕೈಗೆ ಐದು ಸಾವಿರ. ಆದರೆ ಹರಾಜಿಲ್ಲ, ಬಡ್ಡಿಯಿಲ್ಲ. ಸರದಿ ಮೊದಲೇ ಗೊತ್ತು. ಯಾರದೋ ತಮ್ಮನ ಕಾಲೇಜು ಫೀಸು, ಯಾರದೋ ಚಂಡಮಾರುತಕ್ಕೆ ಹಾರಿದ ಮನೆಯ ತಗಡು ಎಂದಾದರೆ ಸರದಿ ಅದಲುಬದಲಾಗುತ್ತದೆ. ಹಣ ಇಟ್ಟುಕೊಳ್ಳುವವಳು ಸಾಮಾನ್ಯವಾಗಿ ಕೋಣೆಯ ಹಿರಿಯಳು, ಎಲ್ಲರ ಬಾಯಲ್ಲಿ ‘ಆತೆ’, ಅಂದರೆ ಅಕ್ಕ. ಆಕೆ ದುಡ್ಡಿನೊಡನೆ ಪರಾರಿಯಾದರೆ ಪೊಲೀಸರ ಬಳಿ ಹೋಗುವುದು ಕಷ್ಟ, ಕಾಗದವೇ ಇಲ್ಲವಲ್ಲ. ಪಲುವಾಗನ್ ಸಾಲದಾದರೆ ‘ಫೈವ್‌–ಸಿಕ್ಸ್’: ಐದು ಪಡೆ, ಆರು ಕೊಡು. ಫಿಲಿಪೀನ್ಸಿನಲ್ಲಿ ಈ ಬಡ್ಡಿ ವ್ಯವಹಾರಕ್ಕೆ ಹೆಸರಾದವರು ಮೋಟರ್‌ಸೈಕಲ್ಲಿನಲ್ಲಿ ಮನೆಮನೆ ಸುತ್ತುವ ಪಂಜಾಬಿಗಳು. ಅಲ್ಲಿನ ಜನ ಅವರನ್ನು ‘ಬುಂಬಾಯ್’ ಎನ್ನುತ್ತಾರೆ. ಮುಂಬೈ ಕಾಣದ ಎಷ್ಟೋ ಜನ ಆ ಹೆಸರು ಹೊತ್ತಿದ್ದಾರೆ.

ಇನ್ನು ಪೆಟ್ಟಿಗೆ. ಫಿಲಿಪಿನೋ ಕೋಣೆಯೆಂದರೆ ಮಂಚಗಳ ನಡುವೆ, ಇಲ್ಲವೇ ಬಾಗಿಲ ಹಿಂದೆ, ಬಾಯಿ ತೆರೆದ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇದ್ದೇ ಇರುತ್ತದೆ. ಇದೇ ‘ಬಾಲಿಕ್‌ಬಾಯನ್ ಬಾಕ್ಸ್’, ಊರಿಗೆ ಹಡಗಿನಲ್ಲಿ ಹೋಗುವುದು. ಸಾಗಣೆ ದರ ಪೆಟ್ಟಿಗೆಯ ಗಾತ್ರಕ್ಕೆ, ತೂಕಕ್ಕಲ್ಲ. ಆದ್ದರಿಂದ ತುಂಬುವುದೇ ಒಂದು ವಿದ್ಯೆ. ತಳಕ್ಕೆ ಕಾರ್ನ್ಡ್ ಬೀಫ್, ಸ್ಪ್ಯಾಮ್ ಡಬ್ಬಿಗಳು, ಶಾಂಪೂ ಬಾಟಲಿ. ಬಾಟಲಿ ಒಡೆದರೂ ಹರಿಯದಂತೆ ಪ್ಲಾಸ್ಟಿಕ್ ಸುತ್ತಿ. ಬೂಟಿನೊಳಗೆ ಕಾಲುಚೀಲ, ಕಾಲುಚೀಲದೊಳಗೆ ಚಾಕೊಲೇಟು. ಮೂಲೆಗಳಿಗೆ ಸೋಪು, ಟೂತ್‌ಪೇಸ್ಟು. ಟವೆಲ್ಲುಗಳು ಗೋಡೆಗೆ ಒತ್ತಿಕೊಂಡು. ಒಂದೊಂದರ ಮೇಲೂ ಮಾರ್ಕರಿನಲ್ಲಿ ಹೆಸರು: ಅಮ್ಮ, ದೊಡ್ಡ ಮಗ, ಪಕ್ಕದ ಮನೆಯ ಧರ್ಮತಾಯಿ. ಹೆಸರು ಬರೆಯದಿದ್ದರೆ ಅಲ್ಲಿ ಜಗಳ. ಸಂಬಳದಿಂದ ಸಂಬಳಕ್ಕೆ, ರಿಯಾಯಿತಿ ಮಾರಾಟ ನೋಡಿ ನೋಡಿ ಕೊಂಡು ತಿಂಗಳುಗಟ್ಟಲೆ ತುಂಬಿಸಿ, ಕೊನೆಗೆ ಮುಚ್ಚಳ ಮುಚ್ಚಲು ಕೋಣೆಯವರೆಲ್ಲ ಮೇಲೆ ಕೂರುತ್ತಾರೆ. ಒಬ್ಬಳು ಟೇಪು ಸುತ್ತುತ್ತಾಳೆ. ಕ್ರಿಸ್‌ಮಸ್‌ಗೆ ತಲುಪಬೇಕಾದರೆ ಅಕ್ಟೋಬರಿನ ಹೊತ್ತಿಗೆ ಕಾರ್ಗೋದವನ ವ್ಯಾನು ಹತ್ತಿರಬೇಕು.

ಇದೇ ಸಾಬೂನು ಮನಿಲಾದ ಅಂಗಡಿಯಲ್ಲೂ ಸಿಗುತ್ತದೆ, ಹೊರುವುದೇಕೆ ಎಂದು ನಾವು ಕೇಳಬಹುದು. ನಮ್ಮವರು ಮಂಗಳೂರು ವಿಮಾನಕ್ಕೆ ಟ್ಯಾಂಗ್, ನಿಡೋ ಡಬ್ಬಿ ಹೊತ್ತ ಕಾಲವನ್ನು ನೆನೆದುಕೊಂಡರೆ ಕೇಳುವುದಿಲ್ಲ. ಆ ಪೆಟ್ಟಿಗೆಗೆ ಅಲ್ಲಿ ರಾಜಕೀಯ ತೂಕವೂ ಇದೆ. 2015ರಲ್ಲಿ ಫಿಲಿಪೀನ್ಸಿನ ಕಸ್ಟಮ್ಸ್‌ನವರು ಪೆಟ್ಟಿಗೆಗಳನ್ನು ಬಿಚ್ಚಿ ನೋಡುತ್ತೇವೆ ಎಂದದ್ದೇ ತಡ, ಹೊರದೇಶಗಳಲ್ಲಿದ್ದವರು ಸಿಡಿದೆದ್ದರು. ಅಧ್ಯಕ್ಷರೇ ನಡುವೆ ಬಂದು ಅದನ್ನು ನಿಲ್ಲಿಸಬೇಕಾಯಿತು. ಮರುವರ್ಷದ ಕಾನೂನು, ವರ್ಷಕ್ಕೆ ಮೂರು ಸಲದವರೆಗೆ, ಒಟ್ಟು ಒಂದೂವರೆ ಲಕ್ಷ ಪೆಸೊ ಮೌಲ್ಯದ ಸಾಮಾನಿಗೆ ಸುಂಕ ಬಿಟ್ಟಿತು.

ಪೆಟ್ಟಿಗೆ ಮುಟ್ಟಲು ತಿಂಗಳು ಬೇಕು, ಫೋನಿಗೆ ಕ್ಷಣ. ಆದರೆ ಗಡಿಯಾರ ಅಡ್ಡ ಬರುತ್ತದೆ. ಮನಿಲಾ ದುಬೈಗಿಂತ ನಾಲ್ಕು ಗಂಟೆ ಮುಂದೆ. ಮಾಲ್ ಮುಚ್ಚಿ ಹನ್ನೊಂದೂವರೆಗೆ ಕೋಣೆ ಸೇರಿದರೆ ಅಲ್ಲಿ ಬೆಳಗಿನ ಜಾವ ಮೂರೂವರೆ. ಬೆಳಿಗ್ಗೆ ಎದ್ದು ಹಚ್ಚಿದರೆ ಮಗು ಶಾಲೆಯಲ್ಲಿ. ಉಳಿದದ್ದು ಮಧ್ಯಾಹ್ನ ಮೂರರ ಬ್ರೇಕು: ಅಲ್ಲಿ ಸಂಜೆ ಏಳು, ಮನೆಪಾಠದ ಹೊತ್ತು. ಮಾಲಿನ ಹಿಂಬದಿಯ ಸ್ಟಾಫ್ ಕಾರಿಡಾರಿನಲ್ಲಿ, ಖಾಲಿ ಕಾರ್ಟನ್ನುಗಳ ಮಧ್ಯೆ ಕೂತು, ಮೂರನೇ ಕ್ಲಾಸಿನ ಭಾಗಾಕಾರ ಹೇಳಿಕೊಡುವ ತಾಯಂದಿರಿದ್ದಾರೆ. ಅದೂ ವಾಟ್ಸ್ಆ್ಯಪ್‌ನಲ್ಲಿ ಆಗದು. ಯುಎಇಯಲ್ಲಿ ಅದರ ಸಂದೇಶ ಹೋಗುತ್ತದೆ, ಕರೆಗೆ ತಡೆ. ಪರವಾನಗಿ ಇರುವ ಬೋಟಿಮ್‌ನಂಥ ಆ್ಯಪ್‌ಗಳೇ ಗತಿ. ಊರಿನಲ್ಲಿ ಮಗುವನ್ನು ಬೆಳೆಸುವವರು ಅಜ್ಜಿ, ಚಿಕ್ಕಮ್ಮ. ತಾಯಿಯ ಪಾಲಿಗೆ ಬರುವುದು ಫೀಸು ಮತ್ತು ಗದರಿಕೆ.

ವಾರದ ರಜೆಯೇ ನಿಜವಾದ ಹಬ್ಬ. 2022ರ ಜನವರಿಯಲ್ಲಿ ಯುಎಇ ತನ್ನ ವಾರದ ರಜೆಯನ್ನು ಶನಿವಾರ, ಭಾನುವಾರಕ್ಕೆ ಸರಿಸಿತು. ಅಲ್ಲಿಯವರೆಗೆ ಎಲ್ಲವೂ ಶುಕ್ರವಾರ. ರಜೆಯಂದು ಹೋಗುವ, ಊದ್ ಮೆಥಾ ಬಡಾವಣೆಯ ಸೇಂಟ್ ಮೇರೀಸ್ ಚರ್ಚು 1967ರಿಂದ ಇದೆ. ಒಂದೇ ಅಂಗಳದಲ್ಲಿ ಹೊತ್ತುಹೊತ್ತಿಗೆ ಇಂಗ್ಲಿಷ್, ಮಲಯಾಳಂ, ಕೊಂಕಣಿ, ಟಗಾಲೋಗ್ ಪೂಜೆ. ಮಂಗಳೂರಿನವರು ಹೊರಬರುವಾಗ ಮನಿಲಾದವರು ಒಳಹೋಗುತ್ತಿರುತ್ತಾರೆ. ಡಿಸೆಂಬರ್ 16ರಿಂದ 24ರವರೆಗಿನ ‘ಸಿಂಬಾಂಗ್ ಗಾಬಿ’ಗಂತೂ ಅಂಗಳವಿಡೀ ಜನ. ಊರಿನಲ್ಲಿ ಅದು ರೈತರು ಹೊಲಕ್ಕೆ ಹೋಗುವ ಮುನ್ನ ಕೋಳಿ ಕೂಗುವ ಹೊತ್ತಿಗೆ ನಡೆಯುವ ಪೂಜೆ. ಇಲ್ಲಿ ಡ್ಯೂಟಿ ಮುಗಿಸಿ ಬರುವವರಿಗಾಗಿ ರಾತ್ರಿಗೆ ಜರುಗಿದೆ. ಯೂನಿಫಾರಂನಲ್ಲೇ, ಎದೆಯ ಮೇಲೆ ಅಂಗಡಿಯ ಹೆಸರಿನ ಬಿಲ್ಲೆ ಸಮೇತ ನಿಂತು ಪ್ರಾರ್ಥಿಸುವವರು ಎಷ್ಟೋ ಜನ. ಪೂಜೆಯ ನಂತರ ಸತ್ವಾ ಅಥವಾ ಕರಾಮಾ: ಹುಣಸೆ ಹುಳಿಯ ಸಿನಿಗಾಂಗ್ ಸಾರು, ಪಾನ್ಸಿತ್ ಎಂಬ ನೂಡಲ್ಸು, ಒಣಮೀನು, ಕರಾವೋಕೆ. 2015ರಲ್ಲಿ ದುಬೈ ಮಾಲ್‌ನಲ್ಲಿ ಜಾಲಿಬೀ ಎಂಬ ಫಿಲಿಪಿನೋ ಫಾಸ್ಟ್‌ಫುಡ್ ಮಳಿಗೆ ತೆರೆದಾಗ ಕೋಳಿ ಮತ್ತು ಅನ್ನಕ್ಕಾಗಿ ಗಂಟೆಗಟ್ಟಲೆ ಸಾಲು ನಿಂತರು. ದುಬಾರಿ ಅಂಗಡಿಗಳ ಆ ಮಾಲ್‌ನಲ್ಲಿ ಗಿರಾಕಿಗಳಾಗಿ ಅವರದೇ ಕಾರುಬಾರು ನಡೆದ ದಿನ ಅದು.

ಮಂಚ, ಪಲುವಾಗನ್, ಪೆಟ್ಟಿಗೆ: ಇವ್ಯಾವುದನ್ನೂ ಕಳಿಸಿದ ಸರ್ಕಾರ ಕಟ್ಟಿಕೊಟ್ಟದ್ದಲ್ಲ, ದುಡಿಸಿಕೊಳ್ಳುವ ನಗರವೂ ಅಲ್ಲ. ಜನರೇ ಕಟ್ಟಿಕೊಂಡದ್ದು. ಆದರೆ ಈ ಆಸರೆ ಸಿಗಬೇಕಾದರೆ ಸಂಜೆ ಹೊರಬರಲು ಒಂದು ಬಾಗಿಲು ಬೇಕು. ಯಜಮಾನನ ಮನೆಯಲ್ಲೇ ಉಳಿದು ದುಡಿಯುವ ಮನೆಗೆಲಸದಾಕೆಗೆ ಆ ಬಾಗಿಲಿಲ್ಲ. ಸತ್ವಾದ ಇಕ್ಕಟ್ಟು ಕೂಡ ಅವಳಿಗೆ ಎಟುಕದ ಸೌಭಾಗ್ಯ. ಅವಳ ವೀಸಾ, ಊಟ, ನಿದ್ದೆ, ಫೋನು ಎಲ್ಲ ಒಂದೇ ಕೈಯಲ್ಲಿ. ಕುವೈತ್‌ನ ಫ್ಲ್ಯಾಟೊಂದರ ಫ್ರೀಜರಿನಲ್ಲಿ ಮನೆಗೆಲಸದಾಕೆಯೊಬ್ಬಳ ಶವ ಸಿಕ್ಕ ಮೇಲೆ 2018ರಲ್ಲಿ ಫಿಲಿಪೀನ್ಸ್ ಆ ದೇಶಕ್ಕೆ ಜನ ಕಳಿಸುವುದನ್ನೇ ನಿಲ್ಲಿಸಿತ್ತು. ಒಪ್ಪಂದದ ತಕರಾರಿನಿಂದ ಯುಎಇಗೂ 2014ರಿಂದ 2021ರವರೆಗೆ ಮನೆಗೆಲಸದವರನ್ನು ಅಧಿಕೃತವಾಗಿ ಕಳಿಸುತ್ತಿರಲಿಲ್ಲ. ಅಷ್ಟು ವರ್ಷವೂ ಅವರು ಬಂದರು, ವಿಸಿಟ್ ವೀಸಾದಲ್ಲಿ, ಯಾವ ಕಾಗದದ ರಕ್ಷಣೆಯೂ ಇಲ್ಲದೆ. ನಿಷೇಧಕ್ಕೆ ಹಸಿವು ತಡೆಯುವ ಶಕ್ತಿ ಇಲ್ಲ, ದಾರಿಯನ್ನು ಇನ್ನಷ್ಟು ಕೆಡಿಸುವ ಶಕ್ತಿ ಇದೆ.

ಕಾನೂನು ಈಗ ಇದೆ. ಯುಎಇಯ 2022ರ ಮನೆಗೆಲಸದವರ ಕಾನೂನಿನ ಪ್ರಕಾರ ವಾರಕ್ಕೊಂದು ದಿನ ಸಂಬಳಸಹಿತ ರಜೆ. ದಿನಕ್ಕೆ 12 ಗಂಟೆ ವಿಶ್ರಾಂತಿ, ಅದರಲ್ಲಿ 8 ಗಂಟೆ ಎಡೆಬಿಡದೆ. ವರ್ಷಕ್ಕೆ 30 ದಿನ ರಜೆ. ಪಾಸ್‌ಪೋರ್ಟ್ ಆಕೆಯ ಬಳಿಯೇ ಇರಬೇಕು, ಅವಳನ್ನು ಕರೆತಂದ ಏಜೆನ್ಸಿಯ ಖರ್ಚನ್ನು ಅವಳಿಂದ ವಸೂಲು ಮಾಡುವಂತಿಲ್ಲ. ಇದನ್ನು ಅರಬ್ಬರ ಮನೆಯ ಸುದ್ದಿ ಎಂದು ಓದಿ ಪುಟ ತಿರುವಬೇಡಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಅಲ್ಲಿನ ನಮ್ಮವರ ಮನೆಗಳಲ್ಲೂ ಮಗುವನ್ನು ಆಡಿಸುವವಳು ಫಿಲಿಪಿನೋ ಹೆಂಗಸಾಗಿರಬಹುದು. ನಿಮ್ಮ ಮಗನೋ ಮಗಳೋ ದುಬೈಯಲ್ಲಿದ್ದು ಮನೆಯಲ್ಲಿ ಅಂಥವಳೊಬ್ಬಳಿದ್ದರೆ, ಮುಂದಿನ ಸಲ ಫೋನಿನಲ್ಲಿ ಮೊಮ್ಮಗುವಿನ ವಿಷಯ ಕೇಳಿದ ಮೇಲೆ ಇನ್ನೆರಡು ಮಾತು ಕೇಳಿ: ಆಕೆಗೆ ವಾರದ ರಜೆ ಯಾವತ್ತು? ಅವಳ ಪಾಸ್‌ಪೋರ್ಟ್ ಯಾರ ಕಪಾಟಿನಲ್ಲಿದೆ?